ಮನೆ, ಮರ ಮತ್ತು ಹೆಜ್ಜಾರ್ಲೆ: ಕೊಕ್ಕರೆ ಬೆಳ್ಳೂರಿನ ಭೂದೃಶ್ಯದ ಇತಿಹಾಸ

ಕಟ್ಟಡಗಳ ಪುನರ್ನಿರ್ಮಾಣದಲ್ಲಿ ಮರಗಿಡಗಳ ಸ್ಥಾನವೇನು ಎಂಬ ಪ್ರಶ್ನೆ ಸಾಮಾನ್ಯವಾಗಿ ನಗರಗಳನ್ನು ಕುರಿತು ಚರ್ಚಿತವಾಗುತ್ತದೆ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿಗೆ ಸೇರಿದ ಕೊಕ್ಕರೆ ಬೆಳ್ಳೂರಿನ ಇತಿಹಾಸವು ಇದೇ ಪ್ರಶ್ನೆಯನ್ನು ಇನ್ನಷ್ಟು ತೀಕ್ಷ್ಣವಾಗಿ ಮುಂದಿಡುತ್ತದೆ. ಇಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಗೂಡು ಕಟ್ಟುವುದು ಊರಾಚೆಯ ಕಾಡಿನಲ್ಲಲ್ಲ. ಹಿತ್ತಲು ಮತ್ತು ಬೀದಿಗಳಲ್ಲಿರುವ ಹುಣಸೆ, ಆಲ, ಅರಳಿ ಮರಗಳಲ್ಲಿ. ಮನೆಯೊಂದರ ವಿಸ್ತಾರ ಬದಲಾದರೆ ಗೂಡುಗಳ ನೆಲೆಯೂ ಬದಲಾಗುತ್ತದೆ.

ಈ ಸಹಬಾಳ್ವೆ ಬಹಳ ಹಳೆಯದು. ಪಕ್ಷಿತಜ್ಞ ಟಿ.ಸಿ. ಜೆರ್ಡನ್ 1864ರಲ್ಲಿ ಪೂರ್ಣಗೊಂಡ ತನ್ನ ಗ್ರಂಥದಲ್ಲಿ ವರ್ಣಿಸಿದ ಹೆಜ್ಜಾರ್ಲೆಗಳ ತಾಣವನ್ನು ಈ ಊರಿನೊಡನೆ ಗುರುತಿಸುವುದುಂಟು. ಪ್ಲೇಗಿನ ಕಾಲದಲ್ಲಿ ಊರು ಶಿಂಷಾ ನದಿಯ ಬಳಿಯಿಂದ ಈಗಿನ ನೆಲೆಗೆ ಬಂದಾಗ ಹಕ್ಕಿಗಳೂ ಜನರನ್ನು ಹಿಂಬಾಲಿಸಿ ಬಂದವೆಂಬ ನೆನಪು ಗ್ರಾಮಸ್ಥರಲ್ಲಿದೆ. ಇದನ್ನು ದಾಖಲೆಯೆಂದಲ್ಲದೆ, ಊರು ಮತ್ತು ಹಕ್ಕಿಯನ್ನು ಒಂದೇ ವಸತಿಯೆಂದು ಭಾವಿಸಿದ ದೃಷ್ಟಿಯ ಸಾಕ್ಷ್ಯವೆಂದು ಪರಿಗಣಿಸುವುದು ಉಚಿತ.

ಈ ದೃಷ್ಟಿಗೆ ಆರ್ಥಿಕ ಆಧಾರವೂ ಇತ್ತು. ಮರದಡಿ ಬಿದ್ದ ಹಿಕ್ಕೆ ಹೊಲಕ್ಕೆ ಗೊಬ್ಬರವಾಗುತ್ತಿತ್ತು. ಆದರೆ ಗೂಡು ಕಟ್ಟುವ ಋತುವೂ ಹುಣಸೆಯ ಕೊಯ್ಲೂ ಒಂದೇ ಕಾಲಕ್ಕೆ ಬರುವುದರಿಂದ ಮರದ ಒಡೆಯನಿಗೆ ನಷ್ಟ ತಪ್ಪುತ್ತಿರಲಿಲ್ಲ. 1976ರಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರು ಈ ತಾಣವನ್ನು ಬೆಳಕಿಗೆ ತಂದ ಬಳಿಕ ಅರಣ್ಯ ಇಲಾಖೆಯು ಗೂಡುಮರಗಳ ಒಡೆಯರಿಗೆ ಪರಿಹಾರಧನ ನೀಡುವ ಕ್ರಮವನ್ನು ಕೈಗೊಂಡಿತು. ಮರ ಕಡಿಯಲು ಅನುಮತಿಯನ್ನೂ ಬದಲಿ ಮರ ನೆಡುವ ಹೊಣೆಯನ್ನೂ ವಿಧಿಸಿದ ಕರ್ನಾಟಕ ಮರಗಳ ಸಂರಕ್ಷಣಾ ಅಧಿನಿಯಮವೂ ಅದೇ ವರ್ಷದ್ದು. 1990ರ ದಶಕದಲ್ಲಿ ಮೈಸೂರಿನ ಹವ್ಯಾಸಿ ನಿಸರ್ಗಪ್ರೇಮಿಗಳು ಹಾಗೂ ಊರಿನ ಯುವಕರ ‘ಹೆಜ್ಜಾರ್ಲೆ ಬಳಗ’ವು ಗೂಡಿನಿಂದ ಬಿದ್ದ ಮರಿಗಳ ಪೋಷಣೆಯನ್ನು ಆರಂಭಿಸಿದವು.

ವನ್ಯಜೀವಿ ಸಂರಕ್ಷಣಾ ಅಧಿನಿಯಮಕ್ಕೆ 2002ರಲ್ಲಿ ಮಾಡಿದ ತಿದ್ದುಪಡಿಯು ಖಾಸಗಿ ಮತ್ತು ಸಮುದಾಯದ ಭೂಮಿಯನ್ನು ‘ಸಮುದಾಯ ಮೀಸಲು’ ಎಂದು ಘೋಷಿಸಲು ಅವಕಾಶ ಕಲ್ಪಿಸಿತು. ಕೊಕ್ಕರೆ ಬೆಳ್ಳೂರು 2007ರಲ್ಲಿ ಆ ಸ್ಥಾನ ಪಡೆಯಿತು. ಇಂತಹ ಮೀಸಲಿನೊಳಗೆ ಭೂಬಳಕೆಯನ್ನು ಬದಲಿಸಲು ನಿರ್ವಹಣಾ ಸಮಿತಿಯ ನಿರ್ಣಯವೂ ರಾಜ್ಯ ಸರ್ಕಾರದ ಅನುಮೋದನೆಯೂ ಅಗತ್ಯ.

ಪದ್ಧತಿ, ಪರಿಹಾರ, ಕಾನೂನು ಎಂಬ ಈ ಮೂರು ಘಟ್ಟಗಳಲ್ಲಿ ಒಂದು ಕೊರತೆ ಉಳಿದಿದೆ. ಪರಿಹಾರಧನವು ಕಳೆದುಹೋದ ಫಲದ ಬೆಲೆಯನ್ನು ತುಂಬಬಲ್ಲದು. ಆದರೆ ಕುಟುಂಬ ಪಾಲಾಗಿ ಹಿತ್ತಲಲ್ಲಿ ಹೊಸ ಮನೆ ಏಳಬೇಕಾದಾಗ ಮರ ನಿಂತ ನೆಲದ ಬೆಲೆಯೇ ಬೇರೆ. ಹುಣಸೆ ಸಸಿಯು ಗೂಡುಗಳ ಭಾರ ಹೊರಲು ದಶಕಗಳು ಬೇಕು. ಕಡಿದ ಮೇಲೆ ನೆಟ್ಟ ಸಸಿ ಈ ತಲೆಮಾರಿನ ಹಕ್ಕಿಗೆ ಒದಗದು. ಆದ್ದರಿಂದ ಇಲ್ಲಿ ನೆಡುವಿಕೆ ಕಟ್ಟುವಿಕೆಗಿಂತ ಮುಂಚಿನದಾಗಬೇಕು. ಮನೆಯ ನಕ್ಷೆಯಲ್ಲಿ ಮರವನ್ನು ಗೋಡೆಯಷ್ಟೇ ಸ್ಥಿರವಾದ ಅಂಗವೆಂದು ಎಣಿಸಬೇಕು. ಕಟ್ಟಡ ಮುಗಿದ ಬಳಿಕ ಉಳಿದ ಜಾಗಕ್ಕೆ ಹಸಿರು ಹೊಂದಿಸುವ ನಗರಗಳಿಗೂ ಈ ಊರಿನ ಇತಿಹಾಸ ಸೂಚಿಸುವ ಕ್ರಮ ಇದೇ.