ನಾಲಾ ನೀರಿನಲ್ಲಿ ಕೀಟನಾಶಕದ ಜಾಡು: ಹುಬ್ಬಳ್ಳಿ–ಧಾರವಾಡದ ಮಟ್ಟಿಗೆ ಒಂದು ಆಕ್ಷೇಪ

ಊರಿನ ಕೊಳಚೆ ನೀರನ್ನು ಪರೀಕ್ಷಿಸಿ ಊರವರ ಮಾದಕದ್ರವ್ಯ ಬಳಕೆಯನ್ನು ಅಂದಾಜಿಸಬಹುದೆಂದು ಸಂಶೋಧಕ ಡಾಟನ್ 2001ರಲ್ಲಿ ಸೂಚಿಸಿದರು. 2005ರಲ್ಲಿ ಜುಕಾಟೊ ಮತ್ತು ಸಂಗಡಿಗರು ಇಟಲಿಯ ಪೊ ನದಿಯ ನೀರಿನಿಂದ ಕೊಕೇನ್ ಬಳಕೆಯನ್ನು ಲೆಕ್ಕಹಾಕಿದರು. 2017ರಲ್ಲಿ ರೂಸಿಸ್ ತಂಡ ಯುರೋಪಿನ ಎಂಟು ನಗರಗಳಲ್ಲಿ ಇದೇ ದಾರಿಯಿಂದ ಕೀಟನಾಶಕಗಳನ್ನು ಅಳೆಯಿತು. ಸಾಂದ್ರತೆಯನ್ನು ಹರಿವಿನಿಂದ ಗುಣಿಸಿ, ಜನಸಂಖ್ಯೆಯಿಂದ ಭಾಗಿಸಿ, ಮೂತ್ರದಲ್ಲಿ ಹೊರಬೀಳುವ ಪಾಲಿಗೆ ಸರಿಹೊಂದಿಸಿದರೆ ತಲಾ ಪ್ರಮಾಣ ಸಿಗುತ್ತದೆ. ಈ ಲೆಕ್ಕದ ಬಗ್ಗೆ ತಕರಾರಿಲ್ಲ.

ತಕರಾರಿರುವುದು ಅದನ್ನು ಹುಬ್ಬಳ್ಳಿ–ಧಾರವಾಡಕ್ಕೆ ಹಾಗೆಯೇ ತರುವುದರಲ್ಲಿ. ನಾಲಾದಲ್ಲಿ ಹರಿಯುವ ಅವಳಿ ನಗರದ ಸಂಸ್ಕರಿಸದ ಕೊಳಚೆ ನೀರಿನಲ್ಲೇ ಸುತ್ತಲಿನ ರೈತರು ತರಕಾರಿ ಬೆಳೆಯುವುದನ್ನು ಬ್ರಾಡ್‌ಫರ್ಡ್, ಬ್ರೂಕ್ ಮತ್ತು ಹುಣಶಾಳ 2003ರಲ್ಲಿ ದಾಖಲಿಸಿದ್ದಾರೆ. ಗೊಬ್ಬರದಂಥ ಆ ನೀರಿಗೆ ಬೆಳೆಯ ಜೊತೆ ಕಳೆ, ಕೀಟಗಳೂ ಹೆಚ್ಚುತ್ತವೆ. ಹಾಗಾಗಿ ಎಣ್ಣಿ (ಕೀಟನಾಶಕ) ಹೊಡೆಯುವುದೂ ಹೆಚ್ಚುತ್ತದೆ. ಹೊಲದಿಂದ ಬಸಿದ ನೀರು ಮತ್ತೆ ಸೇರುವುದು ತಗ್ಗಿನಲ್ಲಿರುವ ನಾಲಾವನ್ನೇ.

ಪೈರೆಥ್ರಾಯ್ಡ್ ಗುಂಪಿನ ಹಲವು ಕೀಟನಾಶಕಗಳು ಮೈಯೊಳಗೆ ಒಡೆದು 3-ಫಿನಾಕ್ಸಿಬೆಂಜೋಯಿಕ್ ಆಮ್ಲವಾಗುತ್ತವೆ. ಅದು ಮೂತ್ರಕ್ಕೆ ಬರುವಾಗ ಬಹುಪಾಲು ಗ್ಲುಕುರೊನಿಕ್ ಆಮ್ಲದೊಂದಿಗೆ ಕೂಡಿಕೊಂಡಿರುತ್ತದೆ. ಆ ಕೂಡಿಕೆಯೇ ದೇಹದ ಗುರುತು. ಆದರೆ ಕೊಳಚೆಯಲ್ಲಿ ಮಲದ ಬ್ಯಾಕ್ಟೀರಿಯಾಗಳ ಕಿಣ್ವ ಆ ಕೂಡಿಕೆಯನ್ನು ಬಿಡಿಸುತ್ತದೆ. ಇತ್ತ ಹೊಲದ ಮಣ್ಣಿನ ಸೂಕ್ಷ್ಮಜೀವಿಗಳೂ ಕೀಟನಾಶಕವನ್ನು ಒಡೆದು ಅದೇ ಆಮ್ಲವನ್ನು ಉಂಟುಮಾಡುತ್ತವೆ. ನಾಲಾದಲ್ಲಿ ಎರಡೂ ಬೆರೆತ ಮೇಲೆ ಅಳೆಯುವ ಯಂತ್ರಕ್ಕೆ ಕಾಣುವುದು ಒಂದೇ ಅಣು.

ಆದ್ದರಿಂದ ತರಕಾರಿ ಹೊಲಗಳ ಕೆಳಗೆ ತೆಗೆದ ಮಾದರಿಯಲ್ಲಿನ ಈ ಆಮ್ಲವನ್ನು ಊರವರ ಮೂತ್ರದ ಲೆಕ್ಕಕ್ಕೆ ಹಾಕುವುದು ತಪ್ಪು. ಈ ಮಾತು ಪೈರೆಥ್ರಾಯ್ಡ್‌ಗಳಿಗೆ, ಅದರಲ್ಲೂ ನೀರಾವರಿ ನಡೆಯುವ ತಿಂಗಳುಗಳಿಗೆ ಸೀಮಿತ. ಔಷಧಗಳಿಗೆ ಇದನ್ನು ವಿಸ್ತರಿಸುತ್ತಿಲ್ಲ. ಸಿಕ್ಕ ಅಂಕಿಯನ್ನು ಗರಿಷ್ಠ ಮಿತಿಯೆಂದಾದರೂ ಒಪ್ಪೋಣವೆಂದರೆ ಅದೂ ಆಗದು: ಶೌಚಗುಂಡಿ ಸೇರಿದ ಮೂತ್ರದ ಬಹುಭಾಗ ನಾಲಾ ಮುಟ್ಟುವುದೇ ಇಲ್ಲ.

ಕೊಟಿನಿನ್ ಇಲ್ಲಿ ನೆರವಾಗಬಹುದು. ತಂಬಾಕಿನ ನಿಕೋಟಿನ್ ಯಕೃತ್ತಿನಲ್ಲಿ ಬದಲಾಗಿ ಉಂಟಾಗುವ ಅದು ಮುಖ್ಯವಾಗಿ ಮೈಯಿಂದಲೇ ಬರುತ್ತದೆ. ಮೊದಲ ಹೊಲದ ಮೇಲೊಂದು, ಕೊನೆಯ ಹೊಲದ ಕೆಳಗೊಂದು ಮಾದರಿ ತೆಗೆದು, ಎರಡರಲ್ಲೂ ಕೊಟಿನಿನ್‌ಗೆ ಈ ಆಮ್ಲದ ಅನುಪಾತವನ್ನು ನೋಡಬೇಕು. ಕೆಳಗೆ ಅನುಪಾತ ಏರಿದರೆ ಹೆಚ್ಚಳ ಹೊಲದ್ದೆನ್ನಬಹುದು.

ಇಷ್ಟಾದರೂ ಸಿಗುವುದು ಊರಿನ ಸರಾಸರಿ. ಬರಿಗೈಯಲ್ಲಿ ಎಣ್ಣಿ ಕಲಸುವ ಕೂಲಿಯವರ ಪಾಡು ಅದರಲ್ಲಿ ಕರಗಿಹೋಗುತ್ತದೆ. ಅತಿ ಹೆಚ್ಚು ವಿಷ ಮುಟ್ಟುವುದು ಅವರಿಗೇ. ಈ ಆಮ್ಲ ಕೆಲವೇ ಗಂಟೆಗಳಲ್ಲಿ ಅರ್ಧಕ್ಕಿಳಿಯುವುದರಿಂದ, ಅವರ ಒಪ್ಪಿಗೆ ಪಡೆದು, ಎಣ್ಣಿ ಹೊಡೆದ ದಿನವೇ ಮೂತ್ರದ ಮಾದರಿ ತೆಗೆಯಬೇಕು. ಇನ್ನು ಬಿಸಿಲಿಗೆ ತೆರೆದ ನಾಲಾದಲ್ಲಿ ಕೊಟಿನಿನ್ ಈ ಆಮ್ಲಕ್ಕಿಂತ ಬೇಗ ನಶಿಸುವುದಾದರೆ, ಹೊಲದಿಂದ ಏನೂ ಸೇರದಿದ್ದರೂ ಅನುಪಾತ ಏರೀತು. ಎರಡರ ನಾಶದ ವೇಗವನ್ನು ನಾಲಾ ನೀರಿನಲ್ಲೇ ಅಳೆಯುವವರೆಗೆ ಮೇಲಿನ ಸಲಹೆಯನ್ನು ತಾತ್ಕಾಲಿಕವೆಂದೇ ತಿಳಿಯಬೇಕು.