ಉಪ್ಪಿನ ಕಾವಲುಗಾರ



ದಾಂಡೇಲಿ, ಜೋಯಿಡಾ ಕಾಡುಗಳ ಜಿಂಕೆ, ಕಾಡುಕೋಣಗಳು ಉಪ್ಪಿನಂಶವುಳ್ಳ ಮಣ್ಣನ್ನು ಹುಡುಕಿಕೊಂಡು ಹೋಗಿ ನೆಕ್ಕುತ್ತವೆ. ಏಕೆ ಬಲ್ಲಿರಾ? ಘಟ್ಟದ ಜಡಿಮಳೆ ಮಣ್ಣಿನ ಉಪ್ಪನ್ನು ತೊಳೆದು, ಕಾಳಿ ನದಿಯ ಮೂಲಕ ಕಾರವಾರದ ಕಡಲಿಗೆ ಸೇರಿಸುತ್ತದೆ. ಹುಲ್ಲು, ಸೊಪ್ಪಿನಲ್ಲಿ ಉಳಿಯುವುದು ಅತ್ಯಲ್ಪ. ಮನುಷ್ಯನಿಗೂ ಹಿಂದೆ ಉಪ್ಪು ಸುಲಭವಾಗಿ ಸಿಗುತ್ತಿರಲಿಲ್ಲ. ಕರಾವಳಿಯ ಆಗರಗಳ ಉಪ್ಪು ಹೇರೆತ್ತುಗಳ ಬೆನ್ನೇರಿ ಘಟ್ಟ ಹತ್ತಬೇಕಿತ್ತು. 1930ರಲ್ಲಿ ಅಂಕೋಲೆಯ ಜನ ಉಪ್ಪಿಗಾಗಿ ಸತ್ಯಾಗ್ರಹವನ್ನೇ ಹೂಡಿದರು.

ಇಂಥ ಅಮೂಲ್ಯ ವಸ್ತುವನ್ನು ಕಾಯಲು ನಮ್ಮ ದೇಹದಲ್ಲೇ ಒಂದು ಏರ್ಪಾಡಿದೆ. ಅದರ ಮೊದಲ ಸುಳಿವು ದೊರೆತದ್ದು 1898ರಲ್ಲಿ. ಸ್ಟಾಕ್‌ಹೋಮ್‌ನ ಟೀಗರ್‌ಸ್ಟೆಟ್ ಮತ್ತು ಬರ್ಗ್‌ಮನ್ ಎಂಬ ವಿಜ್ಞಾನಿಗಳು ಮೊಲದ ಮೂತ್ರಪಿಂಡದ ಸಾರವನ್ನು ಇನ್ನೊಂದು ಮೊಲಕ್ಕೆ ಚುಚ್ಚಿದಾಗ ಅದರ ರಕ್ತದೊತ್ತಡ ಏರಿತು. ಆ ಸಾರದಲ್ಲಿದ್ದ ವಸ್ತುವಿಗೆ ಅವರು ‘ರೆನಿನ್’ ಎಂದು ಹೆಸರಿಟ್ಟರು. ಯಕೃತ್ತು ತಯಾರಿಸುವ ಆಂಜಿಯೊಟೆನ್ಸಿನೋಜೆನ್ ಎಂಬ ಪ್ರೋಟೀನನ್ನು ರೆನಿನ್ ಕತ್ತರಿಸುತ್ತದೆ. ಕೊನೆಗೆ ಹುಟ್ಟುವುದೇ ‘ಆಂಜಿಯೊಟೆನ್ಸಿನ್’. ಈ ಹಾರ್ಮೋನನ್ನು ಅರ್ಜೆಂಟೀನಾ ಮತ್ತು ಅಮೆರಿಕದ ಎರಡು ತಂಡಗಳು 1939ರ ಸುಮಾರಿಗೆ ಬೇರೆಬೇರೆಯಾಗಿಯೇ ಕಂಡುಹಿಡಿದು ಬೇರೆಬೇರೆ ಹೆಸರಿಟ್ಟವು. 1958ರಲ್ಲಿ ಎರಡೂ ಹೆಸರುಗಳನ್ನು ಬೆಸೆದು ಈಗಿನ ಹೆಸರು ಮಾಡಲಾಯಿತು. ಇದು ರಕ್ತನಾಳಗಳನ್ನು ಬಿಗಿಗೊಳಿಸುತ್ತದೆ, ಬಾಯಾರಿಕೆ ಹುಟ್ಟಿಸುತ್ತದೆ, ಮೂತ್ರದಲ್ಲಿ ಉಪ್ಪು ಹರಿದುಹೋಗದಂತೆ ತಡೆಯುತ್ತದೆ. ಬ್ರೆಜಿಲ್‌ನ ಮಂಡಲದ ಹಾವಿನ ವಿಷದಿಂದ ದೊರೆತ ಸುಳಿವಿನ ಮೇಲೆ, ಈ ಹಾರ್ಮೋನು ತಯಾರಾಗದಂತೆ ತಡೆಯುವ ‘ಕ್ಯಾಪ್ಟೊಪ್ರಿಲ್’ ಮಾತ್ರೆ 1981ರಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂದಿತು.

ಇದಕ್ಕೂ ಮೈತೂಕಕ್ಕೂ ಏನು ಸಂಬಂಧ? ಕೊಬ್ಬಿನ ಕಣಗಳೂ ಆಂಜಿಯೊಟೆನ್ಸಿನೋಜೆನ್ ತಯಾರಿಸುತ್ತವೆ! 2001ರಲ್ಲಿ ಪ್ರಕಟವಾದ ಪ್ರಯೋಗಗಳಲ್ಲಿ, ಈ ಪ್ರೋಟೀನೇ ಇಲ್ಲದ ಇಲಿಗಳು ಕೊಬ್ಬಿನ ಆಹಾರ ತಿಂದರೂ ಹೆಚ್ಚು ದಪ್ಪಗಾಗಲಿಲ್ಲ. ಕೊಬ್ಬಿನಲ್ಲಿ ಅದು ಅತಿಯಾಗಿ ತಯಾರಾದ ಇಲಿಗಳಿಗೆ ಕೊಬ್ಬೂ ಹೆಚ್ಚಿತು, ರಕ್ತದೊತ್ತಡವೂ ಏರಿತು. ಸೋಜಿಗವೆಂದರೆ, ಇದೇ ಹಾರ್ಮೋನು ಮಿದುಳಿನಲ್ಲಿ ಕೆಲಸ ಮಾಡುವಾಗ ದೇಹ ಹೆಚ್ಚು ಶಕ್ತಿಯನ್ನು ವ್ಯಯಿಸುವಂತೆ ಮಾಡುತ್ತದೆಂದು ಇಲಿಗಳ ಮೇಲಿನ ಪ್ರಯೋಗಗಳು ತೋರಿಸಿವೆ. ಹಾರ್ಮೋನು ಒಂದೇ, ಸ್ಥಳ ಬದಲಾದಂತೆ ಕೆಲಸವೂ ಬದಲು. ಆದ್ದರಿಂದ ದಪ್ಪಗಿರುವವರನ್ನು ‘ತಿಂಡಿಪೋತ’ರೆಂದು ಹಂಗಿಸುವುದು ನ್ಯಾಯವಲ್ಲ, ವಿಜ್ಞಾನವೂ ಅಲ್ಲ.

ಸಮಾಧಾನದ ಸಂಗತಿಯೂ ಇದೆ. 2005ರಲ್ಲಿ ಪ್ರಕಟವಾದ ಜರ್ಮನಿಯ ಅಧ್ಯಯನವೊಂದರಲ್ಲಿ, ಸ್ಥೂಲಕಾಯದ ಮಹಿಳೆಯರ ತೂಕ ಶೇಕಡಾ 5ರಷ್ಟು ಇಳಿದಾಗ ರಕ್ತದಲ್ಲಿನ ಆಂಜಿಯೊಟೆನ್ಸಿನೋಜೆನ್ ಶೇಕಡಾ 27ರಷ್ಟು ಇಳಿಯಿತು, ರಕ್ತದೊತ್ತಡವೂ ತಗ್ಗಿತು. ಅಂದರೆ 80 ಕಿಲೋ ತೂಗುವವರು 4 ಕಿಲೋ ಇಳಿಸಿದರೂ ಅದು ಸಣ್ಣ ಸಾಧನೆಯಲ್ಲ.

ಉಪ್ಪಿನ ಬರಗಾಲಕ್ಕೆಂದು ಹುಟ್ಟಿದ ಈ ಕಾವಲುಗಾರ ಉಪ್ಪು ಹೇರಳವಾದ ಇಂದಿನ ಮನೆಯಲ್ಲೂ ಕಾವಲಿದ್ದಾನೆ. ಹಳಿಯಾಳದ ಊಟದ ಉಪ್ಪಿನಕಾಯಿ, ಹಪ್ಪಳಗಳಿರಲಿ, ಮುಂಡಗೋಡದ ಟಿಬೆಟನ್ನರ ಬೆಣ್ಣೆ ಚಹಾ ಇರಲಿ, ಎಲ್ಲದರಲ್ಲೂ ಉಪ್ಪಿದೆ. ದೊಡ್ಡವರಿಗೆ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ, ಅಂದರೆ ಒಂದು ಚಹಾಚಮಚಕ್ಕೂ ತುಸು ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಧಿಕ ರಕ್ತದೊತ್ತಡ ಬಹುಪಾಲು ಯಾವ ನೋವನ್ನೂ ಕೊಡದೆ ಹೃದಯ, ಮಿದುಳು, ಮೂತ್ರಪಿಂಡಗಳನ್ನು ಕೆಡಿಸುತ್ತದೆ. ನಿಮ್ಮ ತಂದೆತಾಯಿ, ಅಜ್ಜಅಜ್ಜಿಯರ ರಕ್ತದೊತ್ತಡವನ್ನು ಕೊನೆಯ ಬಾರಿ ಅಳೆಸಿದ್ದು ಯಾವಾಗ? ಇಂದೇ ಕೇಳಿ ನೋಡಿ. ವೈದ್ಯರು ಕೊಟ್ಟ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸದಂತೆಯೂ ನೋಡಿಕೊಳ್ಳಿ.