ಹಲ್ಲಿನ ಹುಳದಿಂದ ರೂಟ್ ಕೆನಾಲ್‌ವರೆಗೆ

ಬೀದರ್, ಭಾಲ್ಕಿ, ಔರಾದ್ ಕಡೆ ದವಡೆ ನೋಯಲು ಶುರುವಾದರೆ ಮನೆಯಲ್ಲಿ ಮೊದಲು ಬರುವ ಮಾತು, ‘ಹಲ್ಲಿಗಿ ಹುಳ ಹತ್ಯಾದ.’ ಲವಂಗ ಇಡುತ್ತೇವೆ, ಮೆಡಿಕಲ್ ಅಂಗಡಿಯಿಂದ ಗುಳಿಗೆ ತರುತ್ತೇವೆ. ಎರಡು ರಾತ್ರಿ ನಿದ್ದೆಗೆಟ್ಟ ಮೇಲೆ ಡಾಕ್ಟರ ಮುಂದೆ ಕೂತು ಹೇಳುವ ಮಾತು, ‘ಕಿತ್ತಿ ಒಗೀರಿ ಸಾಹೇಬ್ರ.’ ಅವರು ‘ರೂಟ್ ಕೆನಾಲ್ ಮಾಡಿದರೆ ಹಲ್ಲು ಉಳೀತದ’ ಅಂದರೆ, ದುಡ್ಡಿಗಾಗಿ ಹೇಳುತ್ತಾರೇನೋ ಎಂದು ಅನುಮಾನ ಪಡುತ್ತೇವೆ. ಈ ಅನುಮಾನ ಹೋಗಬೇಕಾದರೆ ಆ ಚಿಕಿತ್ಸೆ ಹೇಗೆ ಹುಟ್ಟಿತು ಎಂದು ತಿಳಿಯಬೇಕು.

ಹುಳದ ನಂಬಿಕೆ ನಮ್ಮ ಊರಿನದಷ್ಟೇ ಅಲ್ಲ. ಮೆಸಪಟೋಮಿಯಾದ ಮಣ್ಣಿನ ಹಲಗೆಗಳಲ್ಲಿ ಹಲ್ಲು ತಿನ್ನುವ ಹುಳದ ಕಥೆಯಿದೆ. ಸುಶ್ರುತ ಸಂಹಿತೆ ಈ ರೋಗವನ್ನು ‘ಕ್ರಿಮಿದಂತಕ’ ಎಂದು ಕರೆದಿದೆ. ನಮ್ಮ ‘ಹುಳುಕು ಹಲ್ಲು’ ಎಂಬ ಮಾತಿನೊಳಗೂ ಹುಳ ಕೂತಿದೆ. ಕೆಂಡದ ಮೇಲೆ ಬೀಜ ಹಾಕಿ ಬಾಯಿಗೆ ಹೊಗೆ ಕೊಟ್ಟು ಹುಳ ಬೀಳಿಸುವ ಪದ್ಧತಿ ಯುರೋಪಿನಲ್ಲೂ ಇತ್ತು. ಅಲ್ಲಿ ಹುಳವೆಂದು ತೋರಿಸುತ್ತಿದ್ದದ್ದು ಬಿಸಿಗೆ ಸಿಡಿದ ಬೀಜದ ಮೊಳಕೆ.

ನಮ್ಮ ಬೀದರ್ ವೈದ್ಯಕ್ಕೆ ಹೊಸದಲ್ಲ. ಬಹಮನಿ ಸುಲ್ತಾನ ಎರಡನೇ ಅಲಾವುದ್ದೀನ್ ಅಹ್ಮದ್ ಶಾ (1436–1458) ಇಲ್ಲಿ ದೊಡ್ಡ ಆಸ್ಪತ್ರೆ ಕಟ್ಟಿಸಿ, ಅದರ ಔಷಧ, ಊಟದ ಖರ್ಚಿಗೆ ಹಳ್ಳಿಗಳನ್ನು ಬಿಟ್ಟುಕೊಟ್ಟಿದ್ದ. ಹಿಂದೂ, ಮುಸ್ಲಿಂ ವೈದ್ಯರಿಬ್ಬರನ್ನೂ ನೇಮಿಸಿದ್ದ ಎಂದು ಇತಿಹಾಸಕಾರ ಫಿರಿಶ್ತಾ ಬರೆದಿದ್ದಾನೆ. ಆದರೆ ಆ ಕಾಲದಲ್ಲಿ ಜಗತ್ತಿನ ಯಾವ ವೈದ್ಯರಿಗೂ ಹಲ್ಲಿನ ಒಳಗೆ ಏನಾಗುತ್ತದೆ ಎಂಬುದು ಗೊತ್ತಿರಲಿಲ್ಲ.

1728ರಲ್ಲಿ ಫ್ರಾನ್ಸಿನ ಪಿಯರ್ ಫೋಶಾರ್, ಸೂಕ್ಷ್ಮದರ್ಶಕದಲ್ಲಿ ಹುಡುಕಿದರೂ ಹುಳ ಕಾಣಲಿಲ್ಲ ಎಂದು ಬರೆದ. 1838ರಲ್ಲಿ ಅಮೆರಿಕದ ಎಡ್ವರ್ಡ್ ಮೇನಾರ್ಡ್ ಗಡಿಯಾರದ ಸ್ಪ್ರಿಂಗ್ ತಿಕ್ಕಿ, ಬೇರಿನ ಒಳಗಿನ ನಾಳ ಸ್ವಚ್ಛ ಮಾಡುವ ಸಣ್ಣ ಉಪಕರಣ ತಯಾರಿಸಿದ. 1867ರಲ್ಲಿ ಬೋಮನ್ ಎಂಬಾತ ಆ ನಾಳವನ್ನು ಗಟ್ಟಾಪರ್ಚಾದಿಂದ ತುಂಬಿದ. ಅದು ಮಲಯಾ ಕಡೆಯ ಮರದ ಹಾಲಿನಿಂದ ಬರುವ, ರಬ್ಬರಿನಂಥ ವಸ್ತು. ಇವತ್ತಿಗೂ ಅದನ್ನೇ ತುಂಬುತ್ತಾರೆ. 1890ರಲ್ಲಿ ಮಿಲ್ಲರ್ ಎಂಬ ವಿಜ್ಞಾನಿ ನಿಜವಾದ ‘ಹುಳ’ ಯಾವುದೆಂದು ತೋರಿಸಿದ: ಬಾಯಲ್ಲಿ ಉಳಿದ ಸಕ್ಕರೆ, ಹಿಟ್ಟನ್ನು ತಿಂದು ಆಮ್ಲ ಬಿಡುವ, ಕಣ್ಣಿಗೆ ಕಾಣದ ರೋಗಾಣು. 1895ರಲ್ಲಿ ಎಕ್ಸ್‌ರೇ ಬಂತು. ಹತ್ತು ವರ್ಷದಲ್ಲಿ ಹಲ್ಲಿಗೆ ಜೋಮು ಹಿಡಿಸುವ ಪ್ರೊಕೇನ್ ಸೂಜಿಮದ್ದೂ ಬಂತು.

ಹಾಗಾದರೆ ರೂಟ್ ಕೆನಾಲ್ ಅಂದರೇನು? ಹಲ್ಲಿನ ನಡುವೆ ನರ, ರಕ್ತನಾಳ ಇರುವ ಮೆತ್ತನೆಯ ತಿರುಳಿದೆ. ಹುಳುಕು ಅಲ್ಲಿಗೆ ಮುಟ್ಟಿದಾಗ ರಾತ್ರಿಯೆಲ್ಲ ಮಿಡಿಯುವ ನೋವು ಬರುತ್ತದೆ. ತಿರುಳು ಸತ್ತ ಮೇಲೆ ಒಮ್ಮೊಮ್ಮೆ ನೋವು ತಾನಾಗಿಯೇ ನಿಲ್ಲುತ್ತದೆ. ಆದರೆ ಬೇರಿನ ತುದಿಯಲ್ಲಿ ಕೀವು ಬೆಳೆಯುತ್ತಿರುತ್ತದೆ. ಸತ್ತ ತಿರುಳಿಗೆ ರಕ್ತ ಹರಿಯುವುದಿಲ್ಲ, ಹಾಗಾಗಿ ಗುಳಿಗೆಯ ಮದ್ದೂ ಅಲ್ಲಿಗೆ ಮುಟ್ಟುವುದಿಲ್ಲ. ಡಾಕ್ಟರು ಜೋಮು ಹಿಡಿಸಿ, ಹಲ್ಲಿಗೆ ತೂತು ಮಾಡಿ, ಕೊಳೆತದ್ದನ್ನು ತೆಗೆದು, ನಾಳ ತೊಳೆದು, ತುಂಬಿ ಮುಚ್ಚುತ್ತಾರೆ. ದವಡೆ ಹಲ್ಲಿಗೆ ಸಾಮಾನ್ಯವಾಗಿ ಮೇಲೆ ಕ್ಯಾಪ್ ಹಾಕುತ್ತಾರೆ. ಬೇರು ಸೀಳಿದ್ದರೆ ಕೀಳುವುದೇ ದಾರಿಯಾಗಬಹುದು.

ಹೆದರಿಕೆಗೂ ಇತಿಹಾಸವಿದೆ. 1910ರಲ್ಲಿ ಇಂಗ್ಲೆಂಡಿನ ವೈದ್ಯ ವಿಲಿಯಂ ಹಂಟರ್, ದುರಸ್ತಿ ಮಾಡಿದ ಹಲ್ಲಿನ ಕೆಳಗಿನ ಸೋಂಕೇ ಮೈಯ ಹಲವು ರೋಗಕ್ಕೆ ಮೂಲ ಎಂದು ಭಾಷಣ ಮಾಡಿದ. ಮುಂದೆ ಹತ್ತಾರು ವರ್ಷ ಉಳಿಸಬಹುದಾದ ಹಲ್ಲುಗಳನ್ನೂ ಕಿತ್ತರು. ಆ ವಾದ ಬಲವಿಲ್ಲದ್ದೆಂದು ಆಮೇಲಿನ ಅಧ್ಯಯನಗಳು ತೋರಿಸಿದವು.

ಭಾರತದ ಮೊದಲ ದಂತ ಕಾಲೇಜನ್ನು ಡಾ. ರಫಿಯುದ್ದೀನ್ ಅಹ್ಮದ್ 1920ರಲ್ಲಿ ಕಲ್ಕತ್ತೆಯಲ್ಲಿ ತೆರೆದರು. ದಂತವೈದ್ಯರ ಕಾಯ್ದೆ 1948ರಲ್ಲಿ ಬಂತು. ಆ ವರ್ಷ ಸೆಪ್ಟೆಂಬರಿನವರೆಗೆ ನಾವು ನಿಜಾಮರ ಆಳ್ವಿಕೆಯಲ್ಲಿದ್ದೆವು. ಬೆಂಗಳೂರಿನ ಸರ್ಕಾರಿ ದಂತ ಕಾಲೇಜು ಶುರುವಾದದ್ದು 1958ರಲ್ಲಿ. ನಮ್ಮ ಅಜ್ಜ ಅಜ್ಜಿಯರ ಕಾಲಕ್ಕೆ ಕೀಳಿಸುವುದು ಬಿಟ್ಟರೆ ಹತ್ತಿರದಲ್ಲಿ ಬೇರೆ ದಾರಿ ಕಡಿಮೆಯಿತ್ತು. ಈಗ ಬೀದರಿನ ನೌಬಾದಿನಲ್ಲೇ ದಂತ ಕಾಲೇಜಿದೆ.

ನಮ್ಮಲ್ಲಿ ಒಬ್ಬರ ಅವ್ವ ಔರಾದಿನಿಂದ ಬೀದರಿಗೆ ಬಂದು ಮೊದಲ ಸಲದ ಚಿಕಿತ್ಸೆ ಮಾಡಿಸಿಕೊಂಡರು. ನೋವು ನಿಂತಿತು. ತೊಗರಿ ರಾಶಿ ಇತ್ತು, ಬಸ್ಸಿನ ಖರ್ಚು, ಒಂದು ದಿನದ ಕೂಲಿ ಹೋಗುತ್ತದೆ ಎಂದು ಮತ್ತೆ ಹೋಗಲಿಲ್ಲ. ತಾತ್ಕಾಲಿಕವಾಗಿ ತುಂಬಿದ್ದು ಬಿದ್ದುಹೋಯಿತು, ಆರು ತಿಂಗಳಿಗೆ ಹಲ್ಲು ಸೀಳಿತು. ಕೊನೆಗೆ ಕೀಳಿಸಲೇಬೇಕಾಯಿತು. ಈಗ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ತಿನ್ನುತ್ತಾರೆ.

ಅದಕ್ಕೇ ನಾವು ಹೇಳುವುದು ಇಷ್ಟು. ಶುರು ಮಾಡುವ ಮೊದಲೇ ಎಷ್ಟು ಸಲ ಬರಬೇಕು, ಕ್ಯಾಪ್ ಸೇರಿ ಒಟ್ಟು ಎಷ್ಟಾಗುತ್ತದೆ ಎಂದು ಕೇಳಿ. ನೋವು ನಿಂತರೂ ಪೂರ್ತಿ ಮಾಡಿಸಿ. ಮುಖ ಬಾತು ಜ್ವರ ಬಂದರೆ, ಬಾಯಿ ತೆರೆಯಲು, ನುಂಗಲು, ಉಸಿರಾಡಲು ಕಷ್ಟವಾದರೆ ಅದೇ ಹೊತ್ತಿಗೆ ಆಸ್ಪತ್ರೆಗೆ ಹೋಗಿ. ಮತ್ತು ಸಣ್ಣ ಕಪ್ಪು ಚುಕ್ಕೆ ಇದ್ದಾಗಲೇ ಒಮ್ಮೆ ತೋರಿಸಿದರೆ, ಬರೀ ತುಂಬಿಸುವುದರಲ್ಲೇ ಕೆಲಸ ಮುಗಿಯಬಹುದು.